ಸ್ಮಾರ್ಟ್ ಸ್ಕೇಲ್ ವೈಫೈಗೆ ಸೇರುತ್ತಿಲ್ಲವೇ? ರೀಸೆಟ್ ಒತ್ತುವ ಮೊದಲು ಇಷ್ಟು ನೋಡಿ

ಸ್ಕೇಲ್ ಮೇಲೆ ನಿಂತರೆ ತೂಕ ಸರಿಯಾಗೇ ಬರುತ್ತದೆ. ಅಂಕಿ ಎರಡು ಸಲ ಮಿನುಗಿ ನಿಲ್ಲುತ್ತದೆ. ಆಮೇಲೆ ಮೂಲೆಯಲ್ಲಿ ವೈಫೈ ಚಿಹ್ನೆ ಮಿಣಕ್ ಮಿಣಕ್ ಅನ್ನುತ್ತಾ ಇರುತ್ತದೆ. ಕೊನೆಗೆ ಅದರ ಮೇಲೊಂದು ಅಡ್ಡಗೆರೆ ಬಿದ್ದು ಪರದೆ ಆರಿಹೋಗುತ್ತದೆ. ಫೋನಿನಲ್ಲಿ ನೋಡಿದರೆ 'ಸಂಪರ್ಕ ಆಗಲಿಲ್ಲ, ಮತ್ತೆ ಪ್ರಯತ್ನಿಸಿ' ಅಂತ ಒಂದೇ ಸಾಲು. ಯಾಕೆ ಆಗಲಿಲ್ಲ ಅನ್ನುವುದನ್ನು ಮಾತ್ರ ಯಾವ ಆ್ಯಪ್ ಕೂಡ ಹೇಳುವುದಿಲ್ಲ.

ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಸ್ಕೇಲ್ ಮಗುಚಿ, ಹಿಂದಿನ ಬಟನ್ ಒತ್ತಿ ಹಿಡಿದು, ರೀಸೆಟ್. ನಾನೂ ಅದನ್ನೇ ಮಾಡಿದೆ. ಮನೆಯ ರೌಟರ್ ಬದಲಿಸಿದ ವಾರ ಎರಡು ಸಂಜೆ ಬಾತ್‌ರೂಮಿನ ನೆಲದ ಮೇಲೆ ಕೂತು ಏಳು ಸಲ ರೀಸೆಟ್ ಮಾಡಿದ್ದೆ. ಪ್ರತಿ ಸಲವೂ ಎಲ್ಲರ ಎತ್ತರ, ವಯಸ್ಸು ಮತ್ತೆ ತುಂಬಬೇಕು. ಕೊನೆಗೆ ನೋಡಿದರೆ ಸ್ಕೇಲಿನದು ಏನೂ ತಪ್ಪಿರಲಿಲ್ಲ. ಹೊಸ ರೌಟರಿನ ಭದ್ರತೆಯ ಆಯ್ಕೆ ಹಳೆಯ ಸ್ಕೇಲಿಗೆ ಅರ್ಥವಾಗದ ಬಗೆಯದಾಗಿತ್ತು. ಸರಿಪಡಿಸಲು ಹಿಡಿದದ್ದು ಎರಡು ನಿಮಿಷ.

ಅದಕ್ಕೇ ಇಲ್ಲಿ ರೀಸೆಟ್ ಕೊನೆಗೆ ಬರುತ್ತದೆ. ಮೊದಲು ಎಲ್ಲಿ ಕೈಕೊಟ್ಟಿದೆ ಅಂತ ಹುಡುಕೋಣ.

## ಮೊದಲು ಕೊಂಡಿ ಹುಡುಕಿ

ನಿಮ್ಮ ತೂಕ ಫೋನಿಗೆ ತಲುಪುವ ದಾರಿಯಲ್ಲಿ ಮೂರು ಕೊಂಡಿಗಳಿವೆ. ಒಂದು, ಫೋನ್ ಮತ್ತು ಸ್ಕೇಲ್ ನಡುವಿನದು. ಇದು ಬಹುಪಾಲು ಬ್ಲೂಟೂತ್. ಮೊದಲ ಸಲ ಜೋಡಿಸುವಾಗ ವೈಫೈ ಹೆಸರು, ಪಾಸ್‌ವರ್ಡ್ ಈ ದಾರಿಯಲ್ಲೇ ಸ್ಕೇಲಿಗೆ ಹೋಗುತ್ತವೆ. ಎರಡು, ಸ್ಕೇಲ್ ಮತ್ತು ರೌಟರ್ ನಡುವಿನ ವೈಫೈ. ಮೂರು, ರೌಟರಿನಿಂದ ಇಂಟರ್ನೆಟ್ ಮೂಲಕ ತಯಾರಕರ ಸರ್ವರಿಗೆ. ಅಲ್ಲಿಂದ ತೂಕ ತಿರುಗಿ ನಿಮ್ಮ ಆ್ಯಪ್‌ಗೆ ಬರುತ್ತದೆ. ಹೌದು, ಬಾತ್‌ರೂಮಿನಿಂದ ಹಾಲ್‌ಗೆ ಬರಲು ನಿಮ್ಮ ತೂಕ ಊರೆಲ್ಲಾ ಸುತ್ತಿ ಬರುತ್ತದೆ.

ಆ್ಯಪ್‌ಗೆ ಸ್ಕೇಲೇ ಕಾಣುತ್ತಿಲ್ಲ ಅಂದರೆ ಮೊದಲ ಕೊಂಡಿ ನೋಡಿ. ಸ್ಕೇಲ್ ಸಿಕ್ಕಿತು, ಪಾಸ್‌ವರ್ಡ್ ಹಾಕಿದ ಮೇಲೆ ನಿಂತುಹೋಯಿತು ಅಂದರೆ ಎರಡನೆಯದು. ಜೋಡಣೆ ಮುಗಿಯಿತು ಅಂತ ಹೇಳಿದ ಮೇಲೂ ತೂಕ ಬರುತ್ತಿಲ್ಲ ಅಂದರೆ ಮೂರನೆಯದು, ಅಥವಾ ಸುಮ್ನೆ ಬೇರೆಯವರ ಖಾತೆಗೆ ಹೋಗಿದೆ. ಈ ಒಂದು ವಿಂಗಡಣೆ ಮಾಡಿಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

## ಹೆಜ್ಜೆ 1: ನಿಮ್ಮ ಸ್ಕೇಲಿನಲ್ಲಿ ವೈಫೈ ಇದೆಯಾ?

ನಗಬೇಡಿ. 'ಸ್ಮಾರ್ಟ್' ಅಂತ ಬರೆದಿದ್ದೆಲ್ಲಾ ವೈಫೈ ಸ್ಕೇಲ್ ಅಲ್ಲ. ಬಹಳಷ್ಟರಲ್ಲಿ ಬ್ಲೂಟೂತ್ ಮಾತ್ರ ಇರುತ್ತದೆ. ಶಿಯೋಮಿಯ ಮಿ ಬಾಡಿ ಕಾಂಪೊಸಿಷನ್ ಸ್ಕೇಲ್ 2 ಅಂಥದ್ದು. ಫಿಟ್‌ಬಿಟ್ ಕಂಪನಿಯ ಮೊದಲ ಆರಿಯಾ ವೈಫೈ ಸ್ಕೇಲ್ ಆಗಿತ್ತು, ಆಮೇಲೆ ಬಂದ ಆರಿಯಾ ಏರ್ ಬ್ಲೂಟೂತ್ ಮಾತ್ರ. ಹೆಸರು ನೋಡಿ ಹೇಳಲು ಆಗುವುದಿಲ್ಲ. ಡಬ್ಬಿಯ ಮೇಲೆ ಅಥವಾ ಸ್ಕೇಲಿನ ಅಡಿಯ ಚೀಟಿಯಲ್ಲಿ ವೈಫೈ ಚಿಹ್ನೆ ಇದೆಯಾ ನೋಡಿ. ಇಲ್ಲದಿದ್ದರೆ ಆ್ಯಪ್‌ನಲ್ಲಿ ವೈಫೈ ಮೆನು ಹುಡುಕಿ ಪ್ರಯೋಜನವಿಲ್ಲ. ತೂಕ ನೋಡುವಾಗ ಫೋನ್ ಹತ್ತಿರ ಇಟ್ಟು, ಆ್ಯಪ್ ತೆರೆದುಕೊಂಡರೆ ಸಾಕು.

## ಹೆಜ್ಜೆ 2: ಸೆಲ್ ಬದಲಿಸಿ, ಅನುಮಾನ ಇಲ್ಲದಿದ್ದರೂ

'ತೂಕ ಸರಿಯಾಗಿ ತೋರಿಸ್ತಿದೆ, ಸೆಲ್ ಚೆನ್ನಾಗೇ ಇದೆ' ಅನ್ನುವುದು ಈ ವಿಷಯದಲ್ಲಿ ಅತಿ ದೊಡ್ಡ ಮೋಸ. ತೂಕ ಅಳೆದು ಅಂಕಿ ತೋರಿಸಲು ಬೇಕಾದ ಕರೆಂಟು ತೀರಾ ಕಡಿಮೆ. ವೈಫೈ ರೇಡಿಯೊ ಮಾತಾಡಲು ಶುರು ಮಾಡಿದ ಕ್ಷಣ ಅದು ನೂರಾರು ಮಿಲಿಆಂಪಿಯರ್‌ಗೆ ಏರುತ್ತದೆ. ಅರ್ಧ ಸತ್ತ ಸೆಲ್ ಆ ಎಳೆತಕ್ಕೆ ತಡೆಯುವುದಿಲ್ಲ, ವೋಲ್ಟೇಜ್ ದಿಢೀರನೆ ಕುಸಿಯುತ್ತದೆ. ಸ್ಕೇಲ್ ಒಳಗೊಳಗೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ನಮಗೆ ಕಾಣುವುದು 'ವೈಫೈ ಸಿಗುತ್ತಿಲ್ಲ' ಅಂತ ಮಾತ್ರ.

ಹೊಸ ಆಲ್ಕಲೈನ್ ಸೆಲ್‌ಗಳನ್ನು ಒಟ್ಟಿಗೇ ಹಾಕಿ. ಎರಡು ಹೊಸದು, ಎರಡು ಹಳೆಯದು ಬೇಡ. ರಿಮೋಟ್, ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸಾದಾ ಸೆಲ್ ಕೂಡ ಬೇಡ. ರೀಚಾರ್ಜ್ ಮಾಡುವ ಸೆಲ್ ಹಾಕುವ ಅಭ್ಯಾಸ ಇದ್ದರೆ ಒಂದು ಲೆಕ್ಕ ನೋಡಿ. ಆಲ್ಕಲೈನ್ ಸೆಲ್ 1.5 ವೋಲ್ಟ್, ನಿಕಲ್ ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್. ನಾಲ್ಕು ಸೇರಿದರೆ 6ರ ಬದಲು 4.8. ಕೆಲವು ಸ್ಕೇಲುಗಳಿಗೆ ಇದು ಸಾಕಾಗುತ್ತದೆ, ಕೆಲವು ಮೊದಲ ದಿನವೇ 'ಬ್ಯಾಟರಿ ಕಡಿಮೆ' ಅನ್ನುತ್ತವೆ. ಕೈಪಿಡಿಯಲ್ಲಿ ಬೇಡ ಅಂತ ಇದ್ದರೆ ಹಾಕಬೇಡಿ.

ಸೆಲ್ ತೆಗೆದಾಗ ಒಳಗಿನ ಸ್ಪ್ರಿಂಗ್ ಮತ್ತು ತಗಡಿನ ತುದಿಗಳನ್ನೂ ನೋಡಿ. ಬಾತ್‌ರೂಮಿನ ತೇವಕ್ಕೆ ಅಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿಕೊಳ್ಳುತ್ತದೆ. ಒಣ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಒಳಗೆ ರೀಚಾರ್ಜ್ ಬ್ಯಾಟರಿ ಇರುವ ಸ್ಕೇಲ್ ಆದರೆ ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಮುಂದಿನ ಹೆಜ್ಜೆ.

## ಹೆಜ್ಜೆ 3: ಫೋನನ್ನು ಸಿದ್ಧ ಮಾಡಿ

ಆ್ಯಪ್ ಹಾಕುವಾಗ ಅದು ಕೇಳಿದ್ದಕ್ಕೆಲ್ಲಾ 'ಬೇಡ' ಅಂದಿರುತ್ತೀರಿ. ಒಳ್ಳೆಯ ಅಭ್ಯಾಸವೇ. ಆದರೆ ಇಲ್ಲಿ ಕೆಲವಕ್ಕೆ 'ಹೂಂ' ಅನ್ನಲೇಬೇಕು.

ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ 'ನಿಯರ್‌ಬೈ ಡಿವೈಸಸ್' ಅನುಮತಿ ಬೇಕು. ಆಂಡ್ರಾಯ್ಡ್ 6ರಿಂದ 11ರವರೆಗೆ ಬ್ಲೂಟೂತ್ ಹುಡುಕಾಟಕ್ಕೆ ಲೊಕೇಶನ್ ಅನುಮತಿಯೇ ಬೇಕು, ಜೊತೆಗೆ ಫೋನಿನ ಲೊಕೇಶನ್ ಆನ್ ಇರಬೇಕು. ತೂಕ ನೋಡಲು ನನ್ನ ಲೊಕೇಶನ್ ಯಾಕೆ ಅಂತ ಅನುಮಾನ ಬರುವುದು ಸಹಜ. ಸುತ್ತಲಿನ ಬ್ಲೂಟೂತ್, ವೈಫೈ ಹೆಸರುಗಳ ಪಟ್ಟಿ ನೋಡಿದರೆ ನೀವೆಲ್ಲಿದ್ದೀರಿ ಅಂತ ಊಹಿಸಬಹುದು. ಅದಕ್ಕೇ ಆಂಡ್ರಾಯ್ಡ್ ಎರಡನ್ನೂ ಒಂದೇ ಅನುಮತಿಗೆ ಕಟ್ಟಿಹಾಕಿತ್ತು. ಐಫೋನಿನಲ್ಲಿ ಬ್ಲೂಟೂತ್ ಅನುಮತಿ ಕೊಡಿ. ಐಓಎಸ್ 14ರಿಂದ 'ಲೋಕಲ್ ನೆಟ್‌ವರ್ಕ್' ಅಂತ ಇನ್ನೊಂದು ಬಂದಿದೆ, ಅದನ್ನೂ ಕೊಡಿ. ಜೋಡಣೆ ಮುಗಿದ ಮೇಲೆ ಲೊಕೇಶನ್ ವಾಪಸ್ ತೆಗೆದುಕೊಂಡರೂ ನಡೆಯುತ್ತದೆ. ವೈಫೈ ಸ್ಕೇಲಿಗೆ ದಿನವೂ ಅದರ ಅಗತ್ಯವಿಲ್ಲ.

ವಿಪಿಎನ್ (ಫೋನಿನ ಇಂಟರ್ನೆಟ್ಟನ್ನು ಬೇರೆ ದಾರಿಯಲ್ಲಿ ಹಾಯಿಸುವ ಆ್ಯಪ್) ಇದ್ದರೆ ಆಫ್ ಮಾಡಿ. ಜಾಹೀರಾತು ತಡೆಯುವ ಆ್ಯಪ್‌ಗಳಲ್ಲಿ ಎಷ್ಟೋ ಒಳಗೆ ವಿಪಿಎನ್ ಥರವೇ ಕೆಲಸ ಮಾಡುತ್ತವೆ, ಅವನ್ನೂ ಆಫ್ ಮಾಡಿ. ಬ್ಯಾಟರಿ ಸೇವರ್ ಕೂಡ.

ಬಹಳ ಜನ ಎಡವುವುದು ಇಲ್ಲಿ: ಫೋನಿನ ಬ್ಲೂಟೂತ್ ಮೆನುವಿಗೆ ಹೋಗಿ, ಇಯರ್‌ಫೋನ್ ಜೋಡಿಸುವ ಹಾಗೆ ಸ್ಕೇಲನ್ನು ಜೋಡಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಜೋಡಣೆ ಆ್ಯಪ್ ಒಳಗಿನಿಂದಲೇ ಆಗಬೇಕು. ಈಗಾಗಲೇ ಮಾಡಿದ್ದರೆ ಆ ಪಟ್ಟಿಯಲ್ಲಿ ಸ್ಕೇಲಿನ ಹೆಸರು ಒತ್ತಿ 'ಫರ್ಗೆಟ್' ಮಾಡಿ, ಬ್ಲೂಟೂತ್ ಒಮ್ಮೆ ಆಫ್ ಆನ್ ಮಾಡಿ. ಇನ್ನೊಂದು ವಿಷಯ. ಮನೆಯಲ್ಲಿ ಬೇರೆಯವರ ಫೋನಿನಲ್ಲೂ ಅದೇ ಆ್ಯಪ್ ತೆರೆದಿದ್ದರೆ ಸ್ಕೇಲ್ ಆ ಫೋನಿಗೆ ಅಂಟಿಕೊಂಡು ನಿಮಗೆ ಕಾಣದೇ ಇರಬಹುದು. ಜೋಡಿಸುವ ಹೊತ್ತಿಗೆ ಅವರ ಬ್ಲೂಟೂತ್ ಆಫ್ ಇರಲಿ.

## ಹೆಜ್ಜೆ 4: 2.4 ಗಿಗಾಹರ್ಟ್ಸ್ ಅನ್ನುವ ಮುಖ್ಯ ಗಂಟು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ತೊಂದರೆ ಬಹುಪಾಲು ಇಲ್ಲೇ ಇರುತ್ತದೆ.

ಇವತ್ತಿನ ರೌಟರ್ ಎರಡು ಅಲೆಪಟ್ಟಿಗಳಲ್ಲಿ ಮಾತಾಡುತ್ತದೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಹೊಸದಾದರೆ 6 ಕೂಡ ಇರುತ್ತದೆ. 5 ವೇಗ ಜಾಸ್ತಿ, ದೂರ ಕಡಿಮೆ. 2.4 ವೇಗ ಕಡಿಮೆ, ಗೋಡೆ ದಾಟುವುದರಲ್ಲಿ ಗಟ್ಟಿ. ಸ್ಕೇಲಿನಲ್ಲಿರುವ ಅಗ್ಗದ, ಕಡಿಮೆ ಕರೆಂಟು ಕುಡಿಯುವ ವೈಫೈ ಚಿಪ್‌ಗೆ ಬರುವುದು ಬಹುತೇಕ 2.4 ಮಾತ್ರ. ದಿನಕ್ಕೆ ನಾಲ್ಕು ಅಂಕಿ ಕಳಿಸುವುದಕ್ಕೆ ಅಷ್ಟು ಸಾಕಲ್ವಾ. 5ರಲ್ಲಿ ಎಷ್ಟು ಜೋರಾಗಿ ಕೂಗಿದರೂ ಅದಕ್ಕೆ ಕೇಳಿಸುವುದಿಲ್ಲ. ಅಂದ ಹಾಗೆ ಈ 5ಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ವೈಫೈ ಹೆಸರಿನ ಕೊನೆಯಲ್ಲಿ '5ಜಿ' ಅಂತ ಇದ್ದರೆ ಅದು 5 ಗಿಗಾಹರ್ಟ್ಸ್ ಅಂತ, ಅಷ್ಟೇ.

ಹಾಗಾದರೆ ಎರಡಕ್ಕೂ ಒಂದೇ ಹೆಸರಿದ್ದರೆ ಸ್ಕೇಲ್ ತಾನಾಗಿ 2.4 ಹಿಡಿದುಕೊಳ್ಳಬೇಕಲ್ಲ? ಹಿಡಿದುಕೊಳ್ಳಬೇಕು. ಎಷ್ಟೋ ಸಲ ಹಿಡಿದುಕೊಳ್ಳುತ್ತದೆ ಕೂಡ. ಕೈಕೊಡಲು ಎರಡು ಕಾರಣಗಳಿವೆ.

ಒಂದು, ರೌಟರಿನ ಅತಿ ಜಾಣತನ. 'ಸ್ಮಾರ್ಟ್ ಕನೆಕ್ಟ್' ಅಥವಾ 'ಬ್ಯಾಂಡ್ ಸ್ಟೀರಿಂಗ್' ಅನ್ನುವ ಸೌಲಭ್ಯ ಎಲ್ಲರನ್ನೂ 5ರ ಕಡೆ ತಳ್ಳಲು ನೋಡುತ್ತದೆ. ಯಾರಾದರೂ 2.4ರಲ್ಲಿ ಬಾಗಿಲು ತಟ್ಟಿದರೆ ಮೊದಲ ಒಂದೆರಡು ಸಲ ಬೇಕಂತಲೇ ಉತ್ತರ ಕೊಡುವುದಿಲ್ಲ, ಪಕ್ಕದ ಬಾಗಿಲಿಗೆ ಹೋಗಲಿ ಅಂತ. ಫೋನ್ ಹೋಗುತ್ತದೆ. ಸ್ಕೇಲಿಗೆ ಪಕ್ಕದ ಬಾಗಿಲೇ ಇಲ್ಲ. ಸೆಲ್ ಉಳಿಸುವ ಅವಸರದಲ್ಲಿ ಅದು ಸ್ವಲ್ಪ ಹೊತ್ತು ತಟ್ಟಿ, ಸುಸ್ತಾಗಿ ಮಲಗುತ್ತದೆ.

ಎರಡು, ಕೆಲವು ಸ್ಕೇಲುಗಳು ಪಾಸ್‌ವರ್ಡ್ ಪಡೆಯುವ ರೀತಿ. ಬ್ಲೂಟೂತ್ ಇಲ್ಲದ ಕೆಲವು ಮಾದರಿಗಳಲ್ಲಿ ಫೋನು ವೈಫೈ ಮೂಲಕ ಖಾಲಿ ಪೊಟ್ಟಣಗಳನ್ನು ಗಾಳಿಗೆ ಎಸೆಯುತ್ತದೆ. ಗುಟ್ಟು ಇರುವುದು ಆ ಪೊಟ್ಟಣಗಳ ಉದ್ದದಲ್ಲಿ. ಯಾವ ಪೊಟ್ಟಣ ಎಷ್ಟು ಉದ್ದ ಅಂತ ಸ್ಕೇಲ್ ಹೊರಗೆ ನಿಂತು ಕದ್ದು ಎಣಿಸಿ, ಪಾಸ್‌ವರ್ಡ್ ಬಿಡಿಸಿಕೊಳ್ಳುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಫೋನ್ 5ರಲ್ಲಿ ಕೂತು ಪೊಟ್ಟಣ ಎಸೆದರೆ 2.4ರಲ್ಲಿ ಕಿವಿಯಿಟ್ಟ ಸ್ಕೇಲಿಗೆ ಏನು ಗೊತ್ತಾಗಬೇಕು?

ಹಾಗಾಗಿ ಜೋಡಿಸುವ ಹೊತ್ತಿಗೆ ಫೋನೂ 2.4ರಲ್ಲೇ ಇರಲಿ. ಅದಕ್ಕೆ ಮಾಡಬೇಕಾದ್ದು ಹೀಗೆ. ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ಹಾಕಿ ರೌಟರಿನ ಪುಟ ತೆರೆಯಿರಿ. ಸರಿಯಾದ ವಿಳಾಸ ರೌಟರಿನ ಅಡಿಯ ಚೀಟಿಯಲ್ಲೇ ಇರುತ್ತದೆ. ಅಲ್ಲಿ ಈ ಮೂರರಲ್ಲಿ ಯಾವುದು ಸಿಗುತ್ತದೋ ಅದನ್ನು ಮಾಡಿ:

- 'ಸ್ಮಾರ್ಟ್ ಕನೆಕ್ಟ್' ಆಫ್ ಮಾಡಿ, ಎರಡು ಅಲೆಪಟ್ಟಿಗೂ ಬೇರೆ ಬೇರೆ ಹೆಸರು ಕೊಡಿ.
- ಅದಾಗದಿದ್ದರೆ 5 ಗಿಗಾಹರ್ಟ್ಸ್ ಅನ್ನು ಹತ್ತು ನಿಮಿಷ ಆಫ್ ಮಾಡಿ, ಸ್ಕೇಲ್ ಜೋಡಿಸಿ, ವಾಪಸ್ ಆನ್ ಮಾಡಿ.
- 2.4ರಲ್ಲಿ ಮಾತ್ರ ಒಂದು ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದು ಅದೇ ರೌಟರ್ ಕೊಡುವ ಪ್ರತ್ಯೇಕ ವೈಫೈ) ಮಾಡಿ, ಸ್ಕೇಲನ್ನು ಅದರಲ್ಲೇ ಶಾಶ್ವತವಾಗಿ ಇಡಿ.

ನನಗೆ ಇಷ್ಟ ಮೂರನೆಯದು. ಮುಖ್ಯ ವೈಫೈ ತಂಟೆಗೇ ಹೋಗಬೇಕಿಲ್ಲ. ಸ್ಕೇಲ್, ಬಲ್ಬು, ಪ್ಲಗ್ಗು ಎಲ್ಲಾ ಒಂದು ಕಡೆ ಇರುತ್ತವೆ, ನಿಮ್ಮ ಕಂಪ್ಯೂಟರ್ ಇನ್ನೊಂದು ಕಡೆ. ಭದ್ರತೆಗೂ ಒಳ್ಳೆಯದು. ಆದರೆ ಮೊದಲ ಜೋಡಣೆಗೆ ಫೋನೂ ಅದೇ ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇರಲಿ. ಕೆಲವು ರೌಟರುಗಳು ಗೆಸ್ಟ್‌ನಲ್ಲಿರುವವರು ಒಬ್ಬರಿಗೊಬ್ಬರು ಮಾತಾಡದ ಹಾಗೆ ತಡೆಯುತ್ತವೆ. ಜೋಡಣೆ ಅಲ್ಲಿ ನಿಂತರೆ ಆ 'ಐಸೊಲೇಶನ್' ಆಯ್ಕೆಯನ್ನು ಅಷ್ಟು ಹೊತ್ತು ತೆಗೆದಿಡಿ.

ಮೆಶ್ ವೈಫೈ (ಮನೆಯಲ್ಲಿ ಹಲವು ಪೆಟ್ಟಿಗೆ ಇಟ್ಟು ಒಂದೇ ಹೆಸರಿನಲ್ಲಿ ಹರಡುವ ವೈಫೈ) ಇರುವವರಿಗೆ ಅಲೆಪಟ್ಟಿ ಬೇರೆ ಮಾಡುವ ಅವಕಾಶವೇ ಇರದಿರಬಹುದು. ಅವರಿಗೊಂದು ಹಳೆಯ ಉಪಾಯ: ಸ್ಕೇಲ್, ಫೋನ್ ಎರಡನ್ನೂ ಹಿಡಿದು ರೌಟರಿನಿಂದ ದೂರ ಹೋಗಿ. 5ರ ಅಲೆ ಮೊದಲು ಸೋಲುತ್ತದೆ, ಫೋನ್ ತಾನಾಗಿ 2.4ಕ್ಕೆ ಇಳಿಯುತ್ತದೆ. ಅಲ್ಲಿ ನಿಂತು ಜೋಡಿಸಿ.

## ಹೆಜ್ಜೆ 5: ಭದ್ರತೆ, ಹೆಸರು, ಪಾಸ್‌ವರ್ಡ್

ನನ್ನ ಏಳು ರೀಸೆಟ್‌ಗಳಿಗೆ ಕಾರಣವಾದದ್ದು ಇದು. ಡಬ್ಲ್ಯುಪಿಎ2 ಅನ್ನುವ ಭದ್ರತಾ ಪದ್ಧತಿ 2004ರಿಂದ ಇದೆ, ಅದು ಬರದ ವೈಫೈ ಸ್ಕೇಲ್ ಸಿಗುವುದೇ ಕಷ್ಟ. ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ಹೊಸ ರೌಟರನ್ನು 'ಡಬ್ಲ್ಯುಪಿಎ3 ಮಾತ್ರ' ಅಂತ ಇಟ್ಟರೆ ಹಳೆಯ ಸ್ಕೇಲಿಗೆ ಆ ಭಾಷೆಯೇ ಗೊತ್ತಿಲ್ಲ. ಪಾಸ್‌ವರ್ಡ್ ಸರಿಯಿದ್ದರೂ 'ತಪ್ಪು ಪಾಸ್‌ವರ್ಡ್' ಅನ್ನಬಹುದು. ಎರಡೂ ಸೇರಿದ ಮಿಶ್ರ ಆಯ್ಕೆ ಮಾಡಿ ನೋಡಿ. ಅದಕ್ಕೂ ಬಗ್ಗದಿದ್ದರೆ ಸ್ಕೇಲ್ ಇರುವ 2.4ರ ಅಲೆಪಟ್ಟಿಗೆ ಅಥವಾ ಗೆಸ್ಟ್ ನೆಟ್‌ವರ್ಕ್‌ಗೆ ಮಾತ್ರ 'ಡಬ್ಲ್ಯುಪಿಎ2' ಇಡಿ. ಭದ್ರತೆಯೇ ಇಲ್ಲದ ತೆರೆದ ವೈಫೈ ಮಾಡಿ ಜೋಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಪಾಸ್‌ವರ್ಡಿಗೆ 8ರಿಂದ 63 ಅಕ್ಷರ ಬಳಸಬಹುದು. ಆದರೆ ಅಗ್ಗದ ಸಾಧನಗಳು ಉದ್ಧರಣ ಚಿಹ್ನೆ, ಹಿಂಗೆರೆ (ಬ್ಯಾಕ್‌ಸ್ಲ್ಯಾಶ್), ನಡುವಿನ ಖಾಲಿ ಜಾಗ ಇಂಥವಕ್ಕೆ ತಡವರಿಸುತ್ತವೆ. ಗೆಸ್ಟ್ ನೆಟ್‌ವರ್ಕ್ ಮಾಡಿಕೊಂಡಿದ್ದರೆ ಅದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ ಮಾತ್ರ ಇರುವ ಉದ್ದನೆಯ ಪಾಸ್‌ವರ್ಡ್ ಕೊಟ್ಟರೆ ತಂಟೆಯೇ ಇಲ್ಲ.

ಇನ್ನು ವೈಫೈ ಹೆಸರು. ಕನ್ನಡದಲ್ಲೇ ಹೆಸರಿಡುವ ಆಸೆ ನನಗೂ ಇದೆ. ಆದರೆ ನಿಯಮದ ಪ್ರಕಾರ ವೈಫೈ ಹೆಸರಿಗೆ ಇರುವ ಜಾಗ 32 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಅಕ್ಷರ, ಪ್ರತಿ ಗುಣಿತದ ಚಿಹ್ನೆ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಗುರುತು, ಒಂದೊಂದಕ್ಕೂ 3 ಬೈಟ್ ಬೇಕು. 'ನಮ್ಮ ಮನೆ ವೈಫೈ' ಅನ್ನುವ ಪುಟ್ಟ ಹೆಸರು ಎಣಿಸಿ ನೋಡಿ. 'ನಮ್ಮ' 12, 'ಮನೆ' 9, 'ವೈಫೈ' 12, ನಡುವಿನ ಎರಡು ಖಾಲಿ ಜಾಗಕ್ಕೆ 2, ಒಟ್ಟು 35. ಹಿಡಿಸುವುದೇ ಇಲ್ಲ. 'ನಮ್ಮ ಮನೆ' ಅಂತ ನಿಲ್ಲಿಸಿದರೆ 22, ಹಿಡಿಸುತ್ತದೆ. ಹಿಡಿಸಿದರೂ ಸ್ಕೇಲಿನ ಚಿಪ್ ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಕಂಡರೆ ತಬ್ಬಿಬ್ಬಾಗಬಹುದು. ಎಮೋಜಿಗೂ ಇದೇ ಕಥೆ. ಮುಖ್ಯ ವೈಫೈಗೆ ಕನ್ನಡದ ಹೆಸರಿರಲಿ, ಸ್ಕೇಲಿನ ನೆಟ್‌ವರ್ಕ್‌ಗೆ ಇಂಗ್ಲಿಷ್ ಅಕ್ಷರದ ಸಣ್ಣ ಹೆಸರಿಡಿ. ಹೆಸರನ್ನು ಮುಚ್ಚಿಟ್ಟಿದ್ದರೆ ಜೋಡಣೆ ಮುಗಿಯುವ ತನಕ ತೆರೆದಿಡಿ.

ಹಾಸ್ಟೆಲ್, ಆಫೀಸುಗಳಲ್ಲಿ ಬ್ರೌಸರ್ ಪುಟ ತೆರೆದು ಲಾಗಿನ್ ಆಗಬೇಕಾದ ವೈಫೈ ಇರುತ್ತದೆ. ಸ್ಕೇಲಿಗೆ ಬ್ರೌಸರ್ ಇಲ್ಲ. ಅಲ್ಲಿ ಹೋರಾಡಬೇಡಿ.

## ಹೆಜ್ಜೆ 6: ರೌಟರಿನ ಪಕ್ಕ ಕೂತು ಜೋಡಿಸಿ

ಸ್ಕೇಲನ್ನು ಬಾತ್‌ರೂಮಿನಿಂದ ಎತ್ತಿಕೊಂಡು ಬನ್ನಿ. ರೌಟರಿನಿಂದ ಎರಡು ಮೂರು ಮೀಟರ್ ದೂರದಲ್ಲಿ ಗಟ್ಟಿ ನೆಲದ ಮೇಲೆ ಇಡಿ. ಫೋನ್ ಕೈಯಲ್ಲೇ ಇರಲಿ.

ಆ್ಯಪ್‌ನಲ್ಲಿ ಹೊಸ ಸಾಧನ ಸೇರಿಸುವ ಆಯ್ಕೆ ಒತ್ತುವ ಮುಂಚೆ ಸ್ಕೇಲನ್ನು ಎಬ್ಬಿಸಿ. ಇದು ಸದಾ ನಿದ್ದೆ ಮಾಡುವ ಯಂತ್ರ. ಕಾಲಿಟ್ಟಾಗ ಮಾತ್ರ ಏಳುತ್ತದೆ, ಕೆಲಸ ಮುಗಿದ ಕೆಲವೇ ಸೆಕೆಂಡಿಗೆ ಮತ್ತೆ ಮಲಗುತ್ತದೆ. ನೀವು ಪಾಸ್‌ವರ್ಡ್ ಟೈಪ್ ಮಾಡುತ್ತಾ ಎಲ್ಲಿದೆ ದೊಡ್ಡಕ್ಷರ, ಎಲ್ಲಿದೆ ಚಿಕ್ಕಕ್ಷರ ಅಂತ ಹುಡುಕುವಷ್ಟರಲ್ಲಿ ಅದು ಗೊರಕೆ ಹೊಡೆಯುತ್ತಿರುತ್ತದೆ. ಪಾಸ್‌ವರ್ಡನ್ನು ಮೊದಲೇ ಒಂದು ಕಡೆ ಬರೆದು ಕಾಪಿ ಮಾಡಿಟ್ಟುಕೊಳ್ಳಿ. ಪರದೆ ಆರುವ ಸೂಚನೆ ಕಂಡರೆ ಹೆಬ್ಬೆರಳಿನಿಂದ ಸ್ಕೇಲಿನ ಮೂಲೆಗೆ ಒಂದು ತಟ್ಟು ತಟ್ಟಿ.

ಕೆಲವು ಸ್ಕೇಲುಗಳು ಜೋಡಣೆಯ ಹೊತ್ತಿಗೆ ತಾವೇ ಒಂದು ವೈಫೈ ಹೆಸರು ಹೊರಡಿಸುತ್ತವೆ, ಫೋನ್ ಅದಕ್ಕೆ ಸೇರಬೇಕು. ಆಗ ಫೋನು 'ಇದರಲ್ಲಿ ಇಂಟರ್ನೆಟ್ ಇಲ್ಲ, ಬಿಟ್ಟುಬಿಡಲಾ?' ಅಂತ ಕೇಳುತ್ತದೆ, ಅಥವಾ ಕೇಳದೆಯೇ ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ. ಆ ಐದು ನಿಮಿಷ ಮೊಬೈಲ್ ಡೇಟಾ ಆಫ್ ಮಾಡಿ. ಕೇಳಿದರೆ 'ಇದರಲ್ಲೇ ಇರು' ಅನ್ನಿ.

ಪರದೆಯಲ್ಲಿ ಟಿಕ್ ಗುರುತು ಬಂದ ತಕ್ಷಣ ಎದ್ದು ಹೋಗಬೇಡಿ. ಹೊಸ ಸ್ಕೇಲ್ ಮೊದಲ ಸಲ ಇಂಟರ್ನೆಟ್ ಕಂಡ ಕೂಡಲೇ ತನ್ನ ತಂತ್ರಾಂಶ ಅಪ್‌ಡೇಟ್ ಮಾಡಿಕೊಳ್ಳಲು ಶುರು ಮಾಡಬಹುದು. ನಡುವೆ ಸೆಲ್ ತೆಗೆದರೆ ಸ್ಕೇಲ್ ಕೆಟ್ಟು ಕೂರುವ ಸಾಧ್ಯತೆ ಇದೆ.

## ಹೆಜ್ಜೆ 7: ಹಾಟ್‌ಸ್ಪಾಟ್ ಪರೀಕ್ಷೆ

ಇನ್ನೂ ಆಗಲಿಲ್ಲವೇ? ತಪ್ಪು ಸ್ಕೇಲಿನದಾ, ರೌಟರಿನದಾ ಅಂತ ತೀರ್ಮಾನ ಮಾಡುವ ಪರೀಕ್ಷೆ ಇದು. ಎರಡು ಫೋನ್ ಬೇಕು. ಒಂದರಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಅದರ ಸೆಟ್ಟಿಂಗ್ಸ್‌ನಲ್ಲಿ 2.4 ಗಿಗಾಹರ್ಟ್ಸ್ ಆರಿಸಿ. ಐಫೋನ್ 12 ಅಥವಾ ಹೊಸದಾದರೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಅನ್ನುವ ಸ್ವಿಚ್ ಆನ್ ಮಾಡಬೇಕು, ಆಗ ಅದು 2.4ಕ್ಕೆ ಬರುತ್ತದೆ. ಇನ್ನೊಂದು ಫೋನಿನಲ್ಲಿ ಆ್ಯಪ್ ತೆರೆದು, ಆ ಹಾಟ್‌ಸ್ಪಾಟ್‌ಗೆ ಸ್ಕೇಲನ್ನು ಜೋಡಿಸಿ.

ಜೋಡಣೆಯಾದರೆ ಸ್ಕೇಲ್, ಸೆಲ್, ಆ್ಯಪ್ ಮೂರೂ ಸರಿ ಇವೆ. ತೊಂದರೆ ನಿಮ್ಮ ರೌಟರಿನ ಸೆಟ್ಟಿಂಗ್ಸ್‌ನಲ್ಲಿದೆ, 4 ಮತ್ತು 5ನೇ ಹೆಜ್ಜೆಗೆ ವಾಪಸ್ ಹೋಗಿ. ಹಾಟ್‌ಸ್ಪಾಟ್‌ಗೂ ಸೇರದಿದ್ದರೆ ರೌಟರನ್ನು ಬೈಯುವುದು ಬಿಡಿ.

ರೌಟರಿನಲ್ಲಿ ನೋಡಬೇಕಾದ ಇನ್ನಷ್ಟು ಸಣ್ಣಪುಟ್ಟ ಜಾಗಗಳಿವೆ. 2.4ರ ಚಾನೆಲ್ 12 ಅಥವಾ 13ರಲ್ಲಿದ್ದರೆ 1, 6, 11ರಲ್ಲಿ ಒಂದಕ್ಕೆ ಬದಲಿಸಿ. ಅಮೆರಿಕದ ಮಾರುಕಟ್ಟೆಗೆ ಮಾಡಿದ ಸಾಧನಗಳು 11ರ ಮೇಲಿನ ಚಾನೆಲ್ ನೋಡುವುದೇ ಇಲ್ಲ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ. ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ಸಾಧನಗಳನ್ನು ಮಾತ್ರ ಒಳಗೆ ಬಿಡುವ ಆಯ್ಕೆ) ಹಾಕಿದ್ದರೆ ಸ್ಕೇಲಿನ ಅಡಿ ಬರೆದಿರುವ ಮ್ಯಾಕ್ ವಿಳಾಸವನ್ನು ಪಟ್ಟಿಗೆ ಸೇರಿಸಿ. ಮಕ್ಕಳಿಗಾಗಿ ರಾತ್ರಿ ವೈಫೈ ಬಂದ್ ಮಾಡುವ ವೇಳಾಪಟ್ಟಿ ಇದ್ದರೆ, ಬೆಳಗ್ಗೆ ಬೇಗ ತೂಕ ನೋಡುವವರ ಸ್ಕೇಲಿಗೂ ಅದು ಅನ್ವಯಿಸುತ್ತದೆ!

## ಹೆಜ್ಜೆ 8: ಹಾಲ್‌ನಲ್ಲಿ ಸರಿ, ಬಾತ್‌ರೂಮಿನಲ್ಲಿ ಇಲ್ಲ

ವೈಫೈ ಅಲೆಗೆ ಬಾತ್‌ರೂಮಿಗಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ. ಗೋಡೆಯೊಳಗೆ ಪೈಪು, ಗೋಡೆ ತುಂಬಾ ಟೈಲ್ಸ್, ಬೆನ್ನಿಗೆ ಲೋಹದ ಲೇಪ ಇರುವ ಕನ್ನಡಿ, ಬಕೆಟ್ ತುಂಬಾ ನೀರು. ನೀರು 2.4ರ ಅಲೆಯನ್ನು ಚೆನ್ನಾಗಿ ಹೀರುತ್ತದೆ. ನಮ್ಮ ಮೈಯಲ್ಲೂ ಬಹುಪಾಲು ನೀರೇ, ಸ್ಕೇಲ್ ಮಾತಾಡುವಾಗ ನಾವು ಅದರ ತಲೆಯ ಮೇಲೇ ನಿಂತಿರುತ್ತೇವೆ.

ಪರೀಕ್ಷೆ ಸುಲಭ. ಫೋನನ್ನು 2.4ರ ನೆಟ್‌ವರ್ಕ್‌ಗೆ ಸೇರಿಸಿ, ಸ್ಕೇಲ್ ಇಡುವ ಜಾಗದಲ್ಲೇ ನೆಲದ ಮೇಲೆ ಮಲಗಿಸಿ, ಬಾಗಿಲು ಹಾಕಿ. ಕೈಯಲ್ಲಿ ಎತ್ತಿ ಹಿಡಿದು ನೋಡಿದರೆ ಲೆಕ್ಕಕ್ಕಿಲ್ಲ, ಎದೆ ಮಟ್ಟದಲ್ಲಿ ಸಿಗುವ ಸಿಗ್ನಲ್ ನೆಲದಲ್ಲಿ ಸಿಗುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ವೈಫೈ ಅಳೆಯುವ ಆ್ಯಪ್‌ಗಳು ಸಿಗ್ನಲನ್ನು ಮೈನಸ್ ಅಂಕಿಯಲ್ಲಿ ತೋರಿಸುತ್ತವೆ. ಮೈನಸ್ 50 ತುಂಬಾ ಚೆನ್ನಾಗಿದೆ, ಮೈನಸ್ 67ರ ತನಕ ಚಿಂತೆಯಿಲ್ಲ, ಮೈನಸ್ 80 ದಾಟಿದರೆ ಸ್ಕೇಲ್ ಒದ್ದಾಡುತ್ತದೆ. ಅಂಕಿ 10 ಕುಸಿದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದ ಹಾಗೆ. ಸ್ಕೇಲಿನ ಆ್ಯಂಟೆನಾ ಫೋನಿನದಕ್ಕಿಂತ ಬಡಪಾಯಿ, ಹಾಗಾಗಿ ಫೋನಿಗೆ ಅಂಚಿನಲ್ಲಿ ಸಿಕ್ಕರೆ ಸ್ಕೇಲಿಗೆ ಸಿಗಲಿಲ್ಲ ಅಂತಲೇ ತಿಳಿಯಿರಿ.

ಸ್ಕೇಲನ್ನು ಬಾಗಿಲ ಹೊರಗೆ ಇಟ್ಟರೆ ಎಷ್ಟೋ ಸಲ ಕಥೆ ಮುಗಿಯುತ್ತದೆ. ತೇವದಿಂದಲೂ ಪಾರಾಗುತ್ತದೆ. ಒಳಗೇ ಬೇಕು ಅನ್ನುವವರು ರೌಟರನ್ನು ಟಿವಿ ಹಿಂದಿನಿಂದ ಎತ್ತಿ ತೆರೆದ ಜಾಗದಲ್ಲಿ, ಎತ್ತರದಲ್ಲಿ ಇಟ್ಟು ನೋಡಿ. ಸಿಗ್ನಲನ್ನು ಮುಂದಕ್ಕೆ ದಾಟಿಸುವ ರಿಪೀಟರ್ ತರುವುದು ಅದಾದ ಮೇಲೆ.

## ವೈಫೈ ಸೇರಿತು, ತೂಕ ಮಾತ್ರ ಬರಲಿಲ್ಲ

ರೌಟರಿನ ಪಟ್ಟಿಯಲ್ಲಿ ಸ್ಕೇಲ್ ಸದಾ ಕಾಣಬೇಕು ಅಂತ ಕಾಯಬೇಡಿ. ಮಲಗಿದ್ದಾಗ ಅದು ವೈಫೈಯಲ್ಲಿ ಇರುವುದೇ ಇಲ್ಲ. ತೂಕ ನೋಡಿದ ಮೇಲೆ ಕೆಲವು ಸೆಕೆಂಡು ಬಂದು, ಅಂಕಿ ಒಪ್ಪಿಸಿ ಹೋಗುತ್ತದೆ. ಹಾಗಾಗಿ ತೂಕ ಕಂಡ ಕೂಡಲೇ ಇಳಿಯದೆ, ಕೊನೆಯ ಗುರುತು ಬರುವ ತನಕ ನಿಲ್ಲಿ. ಕೊಬ್ಬಿನ ಪ್ರಮಾಣ ಬೇಕಿದ್ದರೆ ಬರಿಗಾಲಲ್ಲಿ ನಿಲ್ಲಬೇಕು, ಯಾಕೆಂದರೆ ಅದು ಪಾದದ ಮೂಲಕ ಸಣ್ಣ ಕರೆಂಟು ಹಾಯಿಸಿ ಲೆಕ್ಕ ಹಾಕುತ್ತದೆ. ಪೇಸ್‌ಮೇಕರ್ ಇರುವವರು ಆ ಅಳತೆಯನ್ನು ಬಳಸಬಾರದು. ತೂಕ ಮಾತ್ರ ನೋಡುವ ಆಯ್ಕೆ ಇದ್ದರೆ ಅದನ್ನು ಹಾಕಿಡಿ.

ಇಬ್ಬರ ತೂಕ ಹತ್ತಿರ ಹತ್ತಿರ ಇದ್ದರೆ ನಿಮ್ಮದು ಅವರ ಖಾತೆಗೆ ಹೋಗಿರುತ್ತದೆ. ಸ್ಕೇಲ್ ಮನುಷ್ಯರನ್ನು ಗುರುತಿಸುವುದು ಹಿಂದಿನ ತೂಕ ನೋಡಿಯೇ. ಆ್ಯಪ್‌ನಲ್ಲಿ 'ಯಾರದೆಂದು ಗೊತ್ತಾಗದ ಅಳತೆ' ಅನ್ನುವ ಪಟ್ಟಿ ಇರುತ್ತದೆ, ಅಲ್ಲಿ ಹುಡುಕಿ. ಅಲ್ಲೂ ಇಲ್ಲದಿದ್ದರೆ ಒಂದು ದಿನ ಕಾಯಿರಿ. ಸರ್ವರ್ ಕೈಕೊಟ್ಟಿದ್ದರೆ ನೀವು ಮಾಡುವುದೇನೂ ಇಲ್ಲ, ಬಹಳಷ್ಟು ಸ್ಕೇಲುಗಳು ಕೆಲವು ಅಳತೆಗಳನ್ನು ತಮ್ಮಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತವೆ.

## ಈಗ ರೀಸೆಟ್

ಇಷ್ಟಾದ ಮೇಲೂ ಆಗದಿದ್ದರೆ ರೀಸೆಟ್ ಮಾಡಿ. ಆದರೆ ಕ್ರಮ ಮುಖ್ಯ. ಮೊದಲು ಆ್ಯಪ್‌ನಲ್ಲಿ ಸ್ಕೇಲನ್ನು ಖಾತೆಯಿಂದ ತೆಗೆಯಿರಿ. ಆಮೇಲೆ ಫೋನಿನ ಬ್ಲೂಟೂತ್ ಪಟ್ಟಿಯಿಂದ. ಕೊನೆಗೆ ಸ್ಕೇಲಿನ ಬಟನ್ ಒತ್ತಿ ಹಿಡಿಯಿರಿ, ಎಷ್ಟು ಸೆಕೆಂಡು ಅನ್ನುವುದು ಕೈಪಿಡಿಯಲ್ಲಿರುತ್ತದೆ. ಬರೀ ಸ್ಕೇಲ್ ರೀಸೆಟ್ ಮಾಡಿ ಖಾತೆಯಲ್ಲಿ ಹಾಗೇ ಬಿಟ್ಟರೆ 'ಈ ಸಾಧನ ಬೇರೆಯವರಿಗೆ ಸೇರಿದೆ' ಅಂತ ಹೊಸ ತಕರಾರು ಬರಬಹುದು. ಸೆಲ್ ತೆಗೆದು ಹಾಕುವುದು ರೀಸೆಟ್ ಅಲ್ಲ. ಬಹುತೇಕ ಸ್ಕೇಲುಗಳಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಸೆಲ್ ಇಲ್ಲದೆಯೂ ಹಾಗೇ ಉಳಿದಿರುತ್ತವೆ.

ರೀಸೆಟ್ ಆದ ಮೇಲೆ ಸ್ಕೇಲನ್ನು ಗಟ್ಟಿ, ಸಮತಟ್ಟು ನೆಲದ ಮೇಲಿಟ್ಟು ಒಮ್ಮೆ ಕಾಲಿಟ್ಟು ಇಳಿಯಿರಿ. ಸೊನ್ನೆ ಕಂಡ ಮೇಲೆ ನಿಜವಾದ ತೂಕ ನೋಡಿ. ಆಮೇಲೆ 6ನೇ ಹೆಜ್ಜೆ.

ಮುಂದೆ ರೌಟರ್ ಬದಲಿಸುವಾಗ ನೆನಪಿಡಲು ಒಂದು ಉಪಾಯ. ಹೊಸದಕ್ಕೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡ್, ಹಳೆಯ ಭದ್ರತಾ ಆಯ್ಕೆ ಹಾಗೇ ಕೊಡಿ. ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೂ ಅದೇ ಇರಲಿ. ಸ್ಕೇಲಿಗೆ ರೌಟರ್ ಬದಲಾದದ್ದೇ ಗೊತ್ತಾಗುವುದಿಲ್ಲ. ಹಳೆಯ ಪಾಸ್‌ವರ್ಡ್ ಊರಿಗೆಲ್ಲಾ ಗೊತ್ತಿದ್ದರೆ ಮಾತ್ರ ಹೀಗೆ ಮಾಡಬೇಡಿ.

ಇನ್ನು ಈ ಸ್ಕೇಲಿನ ಸಹವಾಸವೇ ಸಾಕು ಅಂತ ಯಾರಿಗಾದರೂ ಕೊಡುವುದಾದರೆ, ಆಗಂತೂ ಪೂರ್ತಿ ರೀಸೆಟ್ ಮಾಡಿಯೇ ಕೊಡಿ. ಒಳಗೆ ನಿಮ್ಮ ತೂಕದ ಜೊತೆ ಮನೆಯ ವೈಫೈ ಪಾಸ್‌ವರ್ಡೂ ಕೂತಿರುತ್ತದೆ.